ಮೂರನೇ ತಿಂಗಳಿಗೆ ನಿಂತ ಹಾಡು

ಅಭಿನಂದನ ಗ್ರಂಥಕ್ಕೆ ನಾಲ್ಕು ಪುಟ ಬರೆದುಕೊಡಿ ಎಂದು ಸಮಿತಿಯ ಕಾರ್ಯದರ್ಶಿಗಳು ನನಗೆ ಫೋನು ಮಾಡಿದ್ದು ಮೊನ್ನೆಗೆ ಐದನೇ ಸಲ. ಹಿರೇಕೆರೂರಿನಲ್ಲಿ ಸಮಾರಂಭ ಮುಗಿದು ತಿಂಗಳಾಯಿತು. ಗ್ರಂಥ ಮಾತ್ರ ಇನ್ನೂ ಆಗಿಲ್ಲ. ಅವತ್ತು ವೇದಿಕೆಯ ಮೇಲೆ ಬಿಡುಗಡೆಯಾದದ್ದು ಬರೀ ಮುಖಪುಟ. ಅದರೊಳಗೆ ಹಳೆಯ ಡೈರಿಯೊಂದನ್ನು ಸೇರಿಸಿ ದಪ್ಪ ಮಾಡಿದ್ದರು ಎಂಬುದು ಮುಂದಿನ ಸಾಲಿನಲ್ಲಿ ಕೂತವರಿಗೆಲ್ಲ ಕಂಡಿತ್ತು.

"ಸರ್ ಖುದ್ದ ನಿಮ್ಮ ಹೆಸರು ಹೇಳ್ಯಾರ್ರಿ ಮೇಡಂ. ಆಕಿ ಬರೀಲಿಲ್ಲಂದ್ರ ಗ್ರಂಥ ಯಾಕ ಬೇಕು ಅಂದ್ರು," ಎಂದರು ಕಾರ್ಯದರ್ಶಿಗಳು.

"ಬರೀತೇನ್ರಿ. ಆದ್ರ ಒಂದು ಅಕ್ಷರಾನೂ ಕತ್ತರಿಸಂಗಿಲ್ಲ."

"ಏ, ಎಲ್ಲೆರ ಉಂಟೇನ್ರಿ!"

ಸಮಾರಂಭದ ದಿನ ನಾನು ಮಾಡಿದ್ದನ್ನು ಕಣ್ಣಾರೆ ಕಂಡ ಮೇಲೂ ಅಭಿನಂದನೆ ಮಾಡಿಸಿಕೊಂಡ ಆ ಸರ್ ನನ್ನ ಲೇಖನ ಬೇಕು ಅನ್ನುತ್ತಾರೆ. ಇದೇ ಅವರ ಸ್ವಭಾವ. ಈ ಸ್ವಭಾವಕ್ಕೆ ನನ್ನ ಹೊಟ್ಟೆ ಇಷ್ಟು ವರ್ಷ ಉರಿದಿದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಮುಂದೆ ತಾನಾಗಿ ತಿಳಿಯುತ್ತದೆ.

ಅವರ ರೆಕಾರ್ಡಿಂಗ್ ಸ್ಟುಡಿಯೋ ಇದ್ದದ್ದು ಬಂಕಾಪುರದಲ್ಲಿ, ನಾನು ಕೆಲಸ ಮಾಡುತ್ತಿದ್ದ ಡಿಟಿಪಿ ಅಂಗಡಿಯ ಮಾಳಿಗೆಯ ಮೇಲೆ. ನನಗೆ ಆಗ ಮೂವತ್ತು ದಾಟಿತ್ತು. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಎಲ್ಲವನ್ನೂ ಒಂದೇ ವೇಗದಲ್ಲಿ ಟೈಪು ಮಾಡುತ್ತಿದ್ದೆ. ಒಂದು ದಿನ ಭಜನೆಯ ಸಿಡಿಗೆ ಹೊದಿಕೆ ಮಾಡಿಸಲು ಕೆಳಗೆ ಬಂದವರು ನನ್ನ ಕೈಗಳನ್ನೇ ನೋಡುತ್ತ ನಿಂತರು.

"ತಂಗಿ, ಈ ಕೈ ಅಕ್ಷರಕ್ಕ ಯಾಕ ಹಾಳು ಮಾಡ್ತಿ? ಮ್ಯಾಲೆ ಬಾ. ಧ್ವನಿ ಟೈಪ್ ಮಾಡೂದು ಕಲಸ್ತೇನಿ."

ಹೋದೆ. ಸಪ್ಪಳ ತಡೆಯಲು ಗೋಡೆಗೆಲ್ಲ ತತ್ತಿಯ ಟ್ರೇ ಬಡಿದಿದ್ದರು, ಬಾಗಿಲಿಗೆ ಎರಡು ಕೌದಿ ಇಳಿಬಿಟ್ಟಿದ್ದರು. ಗಾಜಿನ ಆಚೆ ಹಾಡುವವರ ಕೋಣೆ, ಈಚೆ ಕಂಪ್ಯೂಟರು. ಪರದೆಯ ಮೇಲೆ ಒಬ್ಬೊಬ್ಬರ ಧ್ವನಿ ಒಂದೊಂದು ಪಟ್ಟಿಯಾಗಿ ಒಂದರ ಕೆಳಗೊಂದು ಮಲಗಿರುತ್ತಿತ್ತು. ತಬಲಾದ್ದು ಒಂದು, ಹಾರ್ಮೋನಿಯಂ ಪೆಟಿಗೆಯದ್ದು ಒಂದು, ಹಾಡಿದವರದ್ದು ಒಂದು. ಬೇಕಾದಲ್ಲಿ ಕತ್ತರಿಸು, ಸರಿಸು, ಅಂಟಿಸು, ಬೇಡವಾದವರ ಬಾಯಿ ಮುಚ್ಚು. ತಪ್ಪಾದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗು. ಮೊದಲ ದಿನವೇ ನನಗೆ ಈ ಕೆಲಸದ ಹುಚ್ಚು ಹಿಡಿಯಿತು.

ಕಲಿಸುವುದರಲ್ಲಿ ಅವರು ಜಿಪುಣರಾಗಿರಲಿಲ್ಲ. ಇದನ್ನು ಬರೆಯಲು ನನಗೆ ಇಷ್ಟವಿಲ್ಲ, ಆದರೆ ಬರೆಯದಿದ್ದರೆ ಸುಳ್ಳಾಗುತ್ತದೆ. ಯಾವ ಗುಟ್ಟನ್ನೂ ಮುಚ್ಚಿಡಲಿಲ್ಲ. ಮೌಸಿನ ಮೇಲೆ ಕಿರುಬೆರಳು ಎತ್ತಿ ಹಿಡಿದು, ಚಹದ ಬಸಿ ಹಿಡಿದಷ್ಟು ನಾಜೂಕಾಗಿ ಧ್ವನಿಯನ್ನು ಹೆಕ್ಕುತ್ತಿದ್ದರು. ಹಿರೇಕೆರೂರಿನಿಂದ ದಿನಾ ಬಸ್ಸಿಗೆ ಬರುವಾಗ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದರು. ಹಾರ್ನಿನ ಸಪ್ಪಳಕ್ಕೆ ಕಿವಿ ಕೆಡುತ್ತದಂತೆ. ಕಂಡಕ್ಟರು ಮೂರು ಸಲ ಕೂಗಿದರೂ ಟಿಕೆಟ್ಟು ತೆಗೆಯಲಿಲ್ಲವೆಂದು ಒಮ್ಮೆ ಅವರನ್ನು ದಾರಿಯಲ್ಲೇ ಇಳಿಸಿಬಿಟ್ಟಿದ್ದ. ಇಷ್ಟು ಜತನ ಮಾಡಿದ ಕಿವಿಯನ್ನು ಅವರು ನಂಬುತ್ತಿದ್ದರೇ ಎಂದರೆ, ಅದೂ ಇಲ್ಲ.

"ಕಿವಿ ಸುಳ್ಳು ಹೇಳ್ತಾವ ತಂಗಿ. ಕಣ್ಣಿಲೆ ಕೇಳಬೇಕು," ಎಂದು ಪರದೆಯನ್ನು ತೋರಿಸುತ್ತಿದ್ದರು. ಅಲ್ಲಿ ಗೆರೆಗಳಿದ್ದವು. ತಬಲಾದ ಪೆಟ್ಟು ಗೆರೆಯ ಮೇಲೆ ಬಿದ್ದರೆ ಸರಿ, ಕೂದಲೆಳೆಯಷ್ಟು ಆಚೆ ಬಿದ್ದರೂ ತಪ್ಪು. ಕಿವಿಗೆ ಸೊಗಸಾಗಿ ಕೇಳಿದರೂ ತಪ್ಪೇ.

ಬಂಕಾಪುರದ ಕೋಟೆಯ ನವಿಲುಗಳಿಗೂ ಅವರಿಗೂ ಹಳೆಯ ವೈರ. ಯಾರಾದರೂ ಮೈಮರೆತು ಹಾಡುತ್ತಿದ್ದಾಗ ನವಿಲು ಕೇಕೆ ಹಾಕಿತೆಂದರೆ ಮುಗಿಯಿತು, ಮತ್ತೆ ಮೊದಲಿಂದ. ನವಿಲಿನ ಕೂಗನ್ನೇ ಬೇರೆಯಾಗಿ ರೆಕಾರ್ಡು ಮಾಡಿಕೊಂಡರೆ ಹಾಡಿನೊಳಗಿಂದ ಅದನ್ನು ಕಳೆಯಬಹುದು ಎಂಬ ಲೆಕ್ಕ ಅವರಿಗೆ ಹೊಳೆಯಿತು. ಮೈಕು ಹಿಡಿದು ಒಂದು ಇಡೀ ಮುಂಜಾನೆ ಕೋಟೆಯ ಹತ್ತಿರ ಕೂತು ಬಂದರು. ಅವತ್ತು ಒಂದು ನವಿಲೂ ಬಾಯಿ ಬಿಡಲಿಲ್ಲ. ಆ ನವಿಲುಗಳ ಮೇಲೆ ನನಗೆ ಅಂದಿನಿಂದ ಗೌರವ.

ಶಿಗ್ಗಾಂವಿಯಿಂದ ಒಬ್ಬ ವಯಸ್ಸಾದ ಪೆಟಿಗೆ ಮಾಸ್ತರರು ಬಂದಿದ್ದರು. ಅವರ ಹಾರ್ಮೋನಿಯಂನ ಎರಡು ಸ್ವರ ತುಸು ತಗ್ಗಿದ್ದವು. ಇವರು ಎರಡು ದಿನ ಕೂತು ಒಂದೊಂದೇ ಸ್ವರವನ್ನು ಎಳೆದು ಗೆರೆಗೆ ತಂದರು. ಮಾಸ್ತರರು ಬಂದು ಕೇಳಿ, "ಯಾರ ಪೆಟಿಗಿರಿ ಇದು?" ಅಂದರು. ನಿಮ್ಮದೇ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಆಮೇಲೆ ಮನೆಗೆ ಹೋಗಿ ತಮ್ಮ ಪೆಟಿಗೆಯನ್ನು ಮೊಮ್ಮಕ್ಕಳಿಗೆ ಆಡಲು ಕೊಟ್ಟುಬಿಟ್ಟರಂತೆ. ಇದನ್ನು ನಮ್ಮ ಸರ್ ಸಂತೋಷದ ಸಂಗತಿ ಎಂಬಂತೆ ಎಲ್ಲರಿಗೂ ಹೇಳುತ್ತಿದ್ದರು.

ಇನ್ನು ಅವ್ವನ ವಿಷಯಕ್ಕೆ ಬರುತ್ತೇನೆ. ಈ ನಾಲ್ಕು ಪುಟ ಬರೆಯಲು ಒಪ್ಪಿದ್ದೇ ಅದಕ್ಕೆ.

ನಮ್ಮದು ಹಾನಗಲ್ಲ ತಾಲೂಕಿನ ಆಡೂರು. ಅವ್ವ ಹೊಲದ ಕೆಲಸದವಳು. ಆದರೆ ಸುತ್ತಲಿನ ಊರುಗಳಲ್ಲಿ ಯಾರ ಮನೆಯಲ್ಲಿ ಬಸುರಿಗೆ ಕುಬಸ ಮಾಡಿದರೂ ಹಾಡಲು ಅವಳಿಗೆ ಕರೆ ಬರುತ್ತಿತ್ತು. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ದಂಡೆ ಮುಡಿಸಿ ಹುಡುಗಿಯನ್ನು ಕೂರಿಸಿದ ಮೇಲೆ ಅವ್ವ ತಿಂಗಳ ಹಾಡು ಎತ್ತುತ್ತಿದ್ದಳು. ತಿಂಗಳಿಗೊಂದು ನುಡಿ, ಒಂಬತ್ತು ತಿಂಗಳಿಗೆ ಒಂಬತ್ತು. ಮೊದಲ ತಿಂಗಳು ನಿಧಾನ. ತಿಂಗಳು ಏರಿದಂತೆ ನಡೆಯೂ ಏರಬೇಕು. ಒಂಬತ್ತಕ್ಕೆ ಬರುವಷ್ಟರಲ್ಲಿ ಹಿಂದೆ ದನಿಗೂಡಿಸುವ ಹೆಂಗಸರಿಗೆ ಉಸಿರು ಸಾಲುತ್ತಿರಲಿಲ್ಲ. ಈ ಹಾಡಿಗೆ ಒಂದು ಕಟ್ಟಳೆ ಇತ್ತು. ಎತ್ತಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ, ನಗುವಂತಿಲ್ಲ, ಒಂಬತ್ತಕ್ಕೆ ಮುಟ್ಟಿಸಲೇಬೇಕು. ಎದುರಿಗೆ ಕೂತವಳ ಹೊಟ್ಟೆಯಲ್ಲಿ ಕೂಸಿರುತ್ತದಲ್ಲ.

"ಆ ಹಾಡು ಉಳೀಬೇಕು ತಂಗಿ. ನಿಮ್ಮವ್ವನ್ನ ಕರ್ಕೊಂಡು ಬಾ," ಎಂದರು ಸರ್. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಮರುದಿನವೇ ಕರೆದುಕೊಂಡು ಹೋದೆ. ಅವ್ವ ಇಳಕಲ್ಲ ಸೀರೆ ಉಟ್ಟು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಹತ್ತಿದಳು. ಒಳಗೆ ಮರದ ಸ್ಟೂಲಿನ ಮೇಲೆ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು.

ಹಾಡುವವರ ಕಿವಿಯಲ್ಲಿ ಟಿಕ್ ಟಿಕ್ ಎಂದು ತಾಳ ಬಡಿಯುತ್ತಿರಬೇಕು, ಅದರ ಜೊತೆಗೇ ಹಾಡಬೇಕು ಎನ್ನುವುದು ಅವರ ಸ್ಟುಡಿಯೋದ ಕಾಯಿದೆ. ಅದಕ್ಕೆ ಕ್ಲಿಕ್ಕು ಎನ್ನುತ್ತಾರೆ. ಟಿಕ್ ಟಿಕ್ ಇದ್ದರೆ ತಾನೇ ಧ್ವನಿ ಗೆರೆಯ ಮೇಲೆ ಬೀಳುವುದು! ಅವ್ವನಿಗೆ ಅದನ್ನು ಸಣ್ಣಗೆ ಇಟ್ಟಿದ್ದರು. ಮೊದಲ ಎರಡು ತಿಂಗಳು ಅದು ಅವಳ ಗಮನಕ್ಕೇ ಬರಲಿಲ್ಲ. ಮೂರನೆಯದಕ್ಕೆ ಅವಳು ರೂಢಿಯಂತೆ ನಡೆ ಏರಿಸಿದಳು.

"ಅವ್ವಾರು ಓಡಾಕತ್ತಾರ," ಎನ್ನುತ್ತ ಇವರು ಟಿಕ್ ಟಿಕ್ ಅನ್ನು ಜೋರು ಮಾಡಿದರು.

ಮೂರು ತಿಂಗಳಿಗೆ ಮೂಲಿಯ ಹುಣಸೀಯ
ಮರೆಯಾಗಿ ತಿಂದಾಳ ಮಗಳವ್ವ

ಅಷ್ಟಕ್ಕೆ ಅವ್ವ ಹಾಡು ನಿಲ್ಲಿಸಿದಳು. ಬೆರಳಿನಿಂದ ಸ್ಟೂಲನ್ನು ಕುಟ್ಟಿ, "ಖರೇ, ಖರೇ," ಅಂದಳು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ಅರ್ಥ. ನೆಲವನ್ನೋ ಕಟ್ಟಿಗೆಯನ್ನೋ ಕುಟ್ಟಿ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಎಲ್ಲರೂ ಮಾಡುತ್ತೇವೆ. ಅವ್ವನ ಲೆಕ್ಕದಲ್ಲಿ ಆ ಟಿಕ್ ಟಿಕ್ ಹಲ್ಲಿ. ಮತ್ತೆ ಬಡಿಯಿತು. ಮತ್ತೆ ಕುಟ್ಟಿ "ಖರೇ, ಖರೇ." ತತ್ತಿಯ ಟ್ರೇಗಳ ಸಂದಿಯಲ್ಲೆಲ್ಲ ಕಣ್ಣಾಡಿಸಿ ಹುಡುಕಿದಳು.

"ಯವ್ವಾ, ಎಷ್ಟ ಹಲ್ಲಿ ಅದಾವ ಇಲ್ಲೆ! ಖರೇ, ಖರೇ!"

ಗಾಜಿನ ಈಚೆ ಇವರು ತೊಡೆ ಬಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕೆ. ಬರೆಯುವುದು ಬರೆಯುತ್ತಿದ್ದೇನೆ, ಇದನ್ನೂ ಬರೆಯಬೇಕು. ನಾನೂ ನಕ್ಕೆ.

ಆಮೇಲೆ ಅವರೇ ಒಳಗೆ ಹೋಗಿ ತಿಳಿಸಿ ಹೇಳಿ ಹೆಡ್‌ಫೋನು ತೆಗೆದರು. ಅವ್ವ ನಾಚಿಕೊಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮರುಗಳಿಗೆಗೆ ಮುಖ ಗಂಭೀರವಾಯಿತು. "ಹಾಡು ನಡುವ ನಿಂತೈತ್ರಿ. ನಿಂದ್ರಸಬಾರದು. ಒಂಬತ್ತಕ್ಕ ಮುಟ್ಟಸೇ ಏಳತೇನಿ," ಎಂದು ಮತ್ತೆ ಮೊದಲಿಂದ ಎತ್ತಿದಳು. ಒಂಬತ್ತೂ ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದು ನಾನು ಹೇಳಿದರೆ ಮಗಳು ಹೇಳುತ್ತಾಳೆ ಅನ್ನುತ್ತೀರಿ. ಆದರೆ ಈ ಎರಡನೇ ಸಲ ಇವರು ರೆಕಾರ್ಡಿನ ಗುಂಡಿಯನ್ನೇ ಒತ್ತಿರಲಿಲ್ಲ. ಬೆನ್ನು ಬಗ್ಗಿಸಿ ಪರದೆಯ ಮೇಲೆ ಆ ಖರೇ ಖರೇಯನ್ನು ದೊಡ್ಡದು ಮಾಡಿ ನೋಡುತ್ತಿದ್ದರು. ಅವ್ವನ ಬೆರಳಿನ ಪೆಟ್ಟು ಪ್ರತಿ ಸಲವೂ ಗೆರೆಯ ಮೇಲೇ ಬಿದ್ದಿತ್ತು. ಹಾಡು ಮುಗಿದ ಮೇಲೆ ಮೈಕಿನಲ್ಲಿ, "ಭಾಳ ಛಲೋ ಆತ್ರಿ ಅವ್ವಾರ," ಅಂದರು. ಕೆಂಪು ದೀಪ ಹತ್ತಿಲ್ಲ ಎಂಬುದು ನನಗೆ ಕಾಣುತ್ತಿತ್ತು. ಬಾಯಿ ಬಿಡಲಿಲ್ಲ.

ಮರುದಿನ ನನಗೆ ಪಾಠ. "ಇದನ್ನ ಕಟ್ ಮಾಡಿ ಸುತ್ತು ತಿರುಗೂ ಹಂಗ ಜೋಡಸು. ಜೋಡಣಿ ಗೊತ್ತಾಗಬಾರದು." ಮೂರನೇ ತಿಂಗಳ ಎರಡು ಸಾಲು, ಆಮೇಲೆ ಖರೇ ಖರೇ, ಮತ್ತೆ ಮೂರನೇ ತಿಂಗಳು. ನಾಲ್ಕು ಬರುವುದೇ ಇಲ್ಲ. ಅರ್ಧ ದಿನ ಕೂತು ಮಾಡಿದೆ. ಜೋಡಣೆ ಎಲ್ಲಿದೆ ಎಂದು ನನಗೇ ತಿಳಿಯದಷ್ಟು ಚೆನ್ನಾಗಿ ಮಾಡಿದೆ. "ಅಗದೀ ಬೆಣ್ಣಿ," ಎಂದು ಬೆನ್ನು ತಟ್ಟಿದರು. ಯಾತಕ್ಕೆ ಎಂದು ನಾನು ಕೇಳಲಿಲ್ಲ.

ಯಾತಕ್ಕೆ ಎಂದು ಗೊತ್ತಾದದ್ದು ತಡಸದಲ್ಲಿ. ಸಂಬಂಧಿಕರ ಮನೆಗೆ ಹೋಗಿದ್ದೆ. ಯಾರದೋ ಮದುವೆಯ ಮೆರವಣಿಗೆ, ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಸ್ಪೀಕರ್ ಡಬ್ಬಿಗಳು. ಅದರೊಳಗಿಂದ ನಮ್ಮವ್ವ. ಅಡಿಯಲ್ಲಿ ಧಡ್ ಧಡ್ ಎಂಬ ಬಡಿತ. ಗಂಡಸರೆಲ್ಲ ಬೆರಳಿನಿಂದ ಗಾಳಿಯನ್ನು ಕುಟ್ಟುತ್ತ ಖರೇ ಖರೇ ಎಂದು ಕುಣಿಯುತ್ತಿದ್ದರು. ‘ಹಲ್ಲಿ ಅವ್ವ’ ಎಂದು ಅದರ ಹೆಸರು. ತಿಂಗಳೊಳಗೆ ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾಂವಿ, ಎಲ್ಲಿ ಹೋದರೂ ಅದೇ. ಬಸ್ಸಿನಲ್ಲಿ ಯಾರದೋ ಜೇಬಿನೊಳಗೆ ಫೋನು ಹೊಡೆದುಕೊಂಡರೂ ನಮ್ಮವ್ವ.

"ಸರ್, ಯಾಕ ಹಿಂಗ ಮಾಡಿದ್ರಿ?"

"ಯಾಕ? ನಿಮ್ಮವ್ವ ನಾಕೂ ತಾಲೂಕಿಗೆ ಮುಟ್ಟಿದ್ಲಲ್ಲ!"

"ಅವ್ವನ ಹೆಸರರ ಎಲ್ಲೈತ್ರಿ ಅದರಾಗ?"

"ಹೆಸರು ಹಾಕಿದ್ರ ಮಂದಿ ಮನೀತನಕ ಬಂದು ಕಾಡ್ತಾರ. ನಿಮ್ಮ ಒಳ್ಳೇದಕ್ಕ ಬಿಟ್ಟೇನಿ, ತಂಗಿ."

ನಿಜವಾಗಿಯೂ ಹಾಗೇ ನಂಬಿದಂತಿತ್ತು. ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅವತ್ತೇ ಕೆಲಸ ಬಿಟ್ಟೆ.

ಅವ್ವನಿಗೆ ಕುಬಸದ ಕರೆಗಳು ನಿಂತವು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಪಕ್ಕದ ಓಣಿಯ ಹೆಣ್ಣುಮಗಳೊಬ್ಬಳು ಮಾತ್ರ ಬಾಗಿಲಿಗೆ ಬಂದು ಹೇಳಿಹೋದಳು. "ತಪ್ಪು ತಿಳ್ಕೋಬ್ಯಾಡ ಯಕ್ಕಾ. ನಿನ್ನ ಹಾಡು ಮೂರಕ್ಕ ಕಡೀತೈತಂತ ಮಂದಿ ಅಂತಾರ. ಮಗಳಿಗೆ ಈಗ ಮೂರ ನಡದಾವ." ಅವ್ವ ಒಲೆಯ ಮುಂದೆ ಕೂತಲ್ಲಿಂದಲೇ ಹೂಂ ಅಂದಳು. ಆ ಹಾಡನ್ನು ಕತ್ತರಿಸಿದವಳು ನಾನೇ ಎಂದು ಅದೇ ದಿನ ಹೇಳಿದೆ. ಅವತ್ತು ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ. ಆಮೇಲೆ ಮನೆಯಲ್ಲೂ ಹಾಡಲಿಲ್ಲ, ಹೊಲದಲ್ಲೂ ಹಾಡಲಿಲ್ಲ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದಾಗ ಅವಳ ಬೆರಳು ಅರ್ಧಕ್ಕೆ ಏಳುತ್ತಿತ್ತು, ಹಾಗೇ ಮಡಚಿಕೊಳ್ಳುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಈ ಮನುಷ್ಯನಿಗೆ ಏನು ಮಾಡಲಿ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಅದೂ ಅವರೇ ಕಲಿಸಿದ್ದು. ಸವಣೂರಿನಲ್ಲಿ ಒಂದು ಕೋಣೆ ಹಿಡಿದು ಸ್ಟುಡಿಯೋ ಹಾಕಿದೆ. ‘ಇಲ್ಲಿ ಟಿಕ್ ಟಿಕ್ ಇಲ್ಲ’ ಎಂದು ಬಾಗಿಲಿಗೆ ಬೋರ್ಡು ಬರೆಸಿದೆ. ಆ ಬೋರ್ಡು ಭಜನಾ ಮೇಳದವರಿಗೆಲ್ಲ ಅರ್ಥವಾಯಿತು. ಒಂದು ಮೇಳ ಬಂತು, ಅದರ ಹಿಂದೆ ಇನ್ನೊಂದು. ಬಂಕಾಪುರದ ಮೆಟ್ಟಿಲು ಹತ್ತುತ್ತಿದ್ದವರು ಸವಣೂರಿನ ಬಸ್ಸು ಹತ್ತತೊಡಗಿದರು. ನಾಲ್ಕೈದು ವರ್ಷಕ್ಕೆ ಅವರ ಸ್ಟುಡಿಯೋ ಮುಚ್ಚಿತು. ವಯಸ್ಸಾಯಿತು, ಮುಚ್ಚಿದೆ ಎಂದು ಅವರು ಹೇಳಿಕೊಂಡು ತಿರುಗಿದರು. ನಾನು ಮುಚ್ಚಿಸಿದೆ ಎಂದು ನಾನು ಹೇಳಿಕೊಂಡು ತಿರುಗಿದೆ. ಆ ಸುದ್ದಿ ಕೇಳಿದ ದಿನ ನಾನು ಕುಂದಾ ತಂದು ತಿಂದೆ. ಅವ್ವನಿಗೂ ಕೊಟ್ಟೆ. ಯಾಕೆ ಎಂದು ಕೇಳಿದಳು. ಹೇಳಿದೆ. ಅವಳು ತನ್ನ ಪಾಲನ್ನು ಡಬ್ಬಿಗೆ ಹಾಕಿಟ್ಟಳು.

ಕಳೆದ ಚಳಿಗಾಲದಲ್ಲಿ ಅವರೇ ನನ್ನ ಬಾಗಿಲಿಗೆ ಬಂದರು. ಕಿವಿಯಲ್ಲಿ ಅದೇ ಹತ್ತಿ. ಬೋರ್ಡನ್ನು ಓದಿ ನಕ್ಕರು. ಅರವತ್ತು ತುಂಬಿತಲ್ಲ, ಊರವರು ಸಮಿತಿ ಮಾಡಿಕೊಂಡು ಅಭಿನಂದನೆ ಇಟ್ಟಿದ್ದರಂತೆ. ಅವತ್ತು ಸರ್ ಅವರದೇ ಧ್ವನಿಯಲ್ಲಿ ಒಂದು ಹಾಡು ಕೇಳಿಸಬೇಕೆಂದು ಸಮಿತಿಯವರ ಆಸೆಯಂತೆ.

"ಯಾವ ಹಾಡು ಹಾಡ್ತೀರಿ ಸರ್?"

"ಎಲ್ಲಾರ ಹಾಡೂ ಕಟ್ ಮಾಡೇನಿ ತಂಗಿ, ಒಂದೂ ನೆನಪಿಲ್ಲ. ನಿಮ್ಮವ್ವಂದೊಂದು ಬರ್ತೈತಿ. ಅದೂ ಮೂರು ನುಡಿ ಅಷ್ಟ. ಸಾಕಲ್ಲ?"

ಬಾಗಿಲಿಂದಲೇ ಕಳಿಸಿಬಿಡಬೇಕೆನಿಸಿತು. ಆದರೆ ಬಾಯಿಂದ ಬಂದ ಮಾತು, "ಬರ್ರಿ ಸರ್, ಒಳಗ ಕುಂದರ್ರಿ."

ಅಷ್ಟು ವರ್ಷ ಗಾಜಿನ ಈಚೆ ಕೂತಿದ್ದ ಮನುಷ್ಯ ಅವತ್ತು ಮೊದಲ ಸಲ ಆಚೆ ಕೂತರು. ಹೆಡ್‌ಫೋನು ಹಾಕಿದೆ. ನನ್ನ ಸ್ಟುಡಿಯೋದಲ್ಲಿ ಒಮ್ಮೆಯೂ ಬಳಸದ ಕ್ಲಿಕ್ಕನ್ನು ಹುಡುಕಿ ತೆಗೆದು, ಕಿವಿ ತುಂಬುವಷ್ಟು ಜೋರು ಮಾಡಿದೆ. ರೆಕಾರ್ಡು ಒತ್ತಿದೆ. ಅವರಿಗೆ ಮೊದಲ ಸಾಲಿಗೇ ತಾಳ ತಪ್ಪಿತು.

"ಮತ್ತೊಮ್ಮೆ ಸರ್," ಅಂದೆ. ಅದು ಅವರದೇ ಮಾತು, ಅವರದೇ ದನಿಯಲ್ಲಿ ಅಂದೆ.

ಮತ್ತೊಮ್ಮೆ ತಪ್ಪಿತು. ಮಗದೊಮ್ಮೆ. ಟಿಕ್ಕಿನ ಹಿಂದೆ ಓಡುವರು, ಹಿಡಿಯಲು ಹೋಗಿ ಮುಂದೆ ಹೋಗಿಬಿಡುವರು. ಪರದೆಯ ಮೇಲೆ ಅವರ ಧ್ವನಿ ಒಂದು ಗೆರೆಯ ಮೇಲೂ ಬೀಳಲಿಲ್ಲ. ಎಷ್ಟು ಸಲ ಮತ್ತೊಮ್ಮೆ ಅಂದೆನೋ ಲೆಕ್ಕವಿಡಲಿಲ್ಲ. ನೆತ್ತಿಯ ಮೇಲೆ ಬೆವರು ಹನಿಯುವುದನ್ನು ಗಾಜಿನಿಂದ ನೋಡುತ್ತ ಕೂತೆ. ಇಷ್ಟು ಸುಖ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ. ಕಡೆಗೆ ಹೇಗೋ ಮೂರನೇ ನುಡಿಯವರೆಗೆ ಬಂದು, ಹೆಡ್‌ಫೋನು ಕಿತ್ತು ಹಿಡಿದುಕೊಂಡು, "ಬಂದ್ ಮಾಡ ತಂಗಿ ಆ ಟಿಕ್ ಟಿಕ್! ಎದಿ ಹೊಡ್ಕೊಳಾಕತ್ತೈತಿ!" ಎಂದು ಕೂಗಿದರು.

ಹೊರಗೆ ಬಂದು ನೀರು ಕುಡಿದು ಮೆಲ್ಲಗೆ ಹೇಳಿದರು. "ಇದು ಯಾರಿಗೂ ಕೇಳಿಸಬ್ಯಾಡ. ಮಂದಿ ನಗತಾರ. ನೀನ ಎಳದು ಜಗ್ಗಿ ಸರಿ ಮಾಡಿಬಿಡು."

ಮಂದಿ ನಗುತ್ತಾರೆ ಎಂಬುದು ಗೊತ್ತಿತ್ತು! ಹಾಗಾದರೆ ಅವ್ವನ ಹಾಡು ಕತ್ತರಿಸಲು ಹೇಳಿದ ದಿನವೂ ಗೊತ್ತಿತ್ತು. ಅಷ್ಟು ವರ್ಷ ನನಗೆ ಇದ್ದ ಒಂದೇ ಸಂಶಯ ಅದಾಗಿತ್ತು, ತೀರಿತು.

ಆ ರೆಕಾರ್ಡನ್ನು ಆಡೂರಿಗೆ ತಂದು ಅವ್ವನಿಗೆ ಕೇಳಿಸಿದೆ. ಬಿದ್ದು ಬಿದ್ದು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಜೋಳ ಹಸನು ಮಾಡುತ್ತ ಕೇಳಿದಳು. ನಗಲಿಲ್ಲ. ಮುಗಿದ ಮೇಲೆ ಮೊರ ಕೆಳಗಿಟ್ಟು, "ಇಂವನೂ ಮೂರಕ್ಕ ನಿಂದ್ರಿಸ್ಯಾನ. ನಾಕು ಯಾರು ಹಾಡ್ತಾರ?" ಅಂದಳು. ನಾನು ಉತ್ತರ ಕೊಡುವ ಮೊದಲೇ ಎತ್ತಿದಳು. ದನಿ ಕೆರೆಯುತ್ತಿತ್ತು, ತೀಡಿ ತೀಡಿ ಹಾದಿಗೆ ಬಂತು. ಚೀಲದಲ್ಲಿ ಮೈಕು ಇತ್ತು. ನಾಲ್ಕರಿಂದ ಒಂಬತ್ತರವರೆಗೆ ಅಷ್ಟನ್ನೂ ರೆಕಾರ್ಡು ಮಾಡಿಕೊಂಡೆ.

"ಇದನ್ನ ಹಿರೇಕೆರೂರ ಕಾರ್ಯಕ್ರಮದಾಗ ಹಾಕ್ತೇನಿ. ನಿನ್ನ ಹೆಸರು ಹೇಳೇ ಹಾಕ್ತೇನಿ."

"ಹಾಕು. ಒಂಬತ್ತಕ್ಕ ಮುಟ್ಟಬೇಕು ನೋಡು," ಅಂದಳು. ಮತ್ತೇನೂ ಕೇಳಲಿಲ್ಲ. ಮೊದಲಿಗೆ ಏನು ಹಾಕುತ್ತೇನೆ ಎಂದು ನಾನೂ ಹೇಳಲಿಲ್ಲ.

ಸಮಾರಂಭದ ದಿನ ಸೌಂಡು ನೋಡಿಕೊಳ್ಳುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಅವ್ವನನ್ನು ಮೂರನೇ ಸಾಲಿನಲ್ಲಿ ಕೂರಿಸಿದೆ. ಇವರು ಪೇಟ ಸುತ್ತಿಕೊಂಡು, ಕೊರಳ ತುಂಬ ಮಾಲೆ ಹಾಕಿಕೊಂಡು ಎತ್ತರದ ಕುರ್ಚಿಯಲ್ಲಿ ಕೂತಿದ್ದರು. "ಈಗ ಗುರುಗಳ ಧ್ವನಿಯಲ್ಲಿ ಒಂದು ಗೀತೆ" ಎಂದು ನಿರೂಪಕರು ಹೇಳಿದರು. ನಾನು ಗುಂಡಿ ಒತ್ತಿದೆ.

ಸಭೆಗೆ ಕೇಳಿಸಿದ್ದು ಅವರ ತಪ್ಪುಗಳ ಸಾಲು. ಚೆನ್ನಾಗಿ ಕತ್ತರಿಸಿದ್ದೆ, ಜೋಡಣೆ ಎಲ್ಲೂ ತಿಳಿಯುವಂತಿರಲಿಲ್ಲ. ಹಿಂದೆ ಟಿಕ್ ಟಿಕ್. ಮೇಲೆ ಅವರ ಏದುಸಿರು. ಬಂದ್ ಮಾಡು, ಎದಿ ಹೊಡ್ಕೊಳಾಕತ್ತೈತಿ. ಮತ್ತೆ ಅದೇ, ಮತ್ತೆ ಅದೇ. ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಇವರು ಪೇಟದ ಕೆಳಗಿಂದ ನನ್ನ ಕಡೆ ನೋಡಿದರು. ನಾನೂ ನೋಡಿದೆ. ತಡಸದ ಮೆರವಣಿಗೆಯಿಂದ ಆ ದಿನದವರೆಗೆ ನಾನು ಕಾದಿದ್ದ ನೋಟ ಅದು.

ಅಷ್ಟರಲ್ಲಿ ಅವ್ವನ ನಾಲ್ಕನೇ ತಿಂಗಳು ಶುರುವಾಯಿತು. ಅವಳ ಹೆಸರನ್ನೂ ಕೇಳಿಸಿದೆ. ಆದರೆ ಸಭೆಯ ನಗು ನಿಂತಿರಲಿಲ್ಲ. ಒಮ್ಮೆ ಹೊರಟ ನಗುವನ್ನು ಇಳಿಸಲು ನನ್ನ ಬಳಿ ಯಾವ ಗುಂಡಿಯೂ ಇರಲಿಲ್ಲ. ಅವ್ವನ ಹಾಡಿನ ಮೇಲೆ ಜನ ಮತ್ತೊಮ್ಮೆ ನಗುತ್ತಿದ್ದರು. ಈ ಸಲವೂ ಕತ್ತರಿಸಿದವಳು ನಾನೇ.

ಮೂರನೇ ಸಾಲಿನಲ್ಲಿ ಅವ್ವ ಎದ್ದು ನಿಂತಳು. "ಬಂದ್ ಮಾಡ ಅದನ್ನ!" ಎಂದು ನನಗೆ ಕೂಗಿ ಹೇಳಿದಳು. ಬಂದ್ ಮಾಡಿದೆ. ಅವಳು ಸೀದಾ ವೇದಿಕೆ ಹತ್ತಿದಳು. ಇವರ ಕುರ್ಚಿಯ ಪಕ್ಕ ನಿಂತು ಸಭೆಯತ್ತ ತಿರುಗಿದಳು.

"ಈ ಹಾಡು ನಡದಾಗ ನಗಬಾರದ್ರಿ. ನಿಮ್ಮೊಳಗ ಯಾರರ ಬಸುರಿ ಹೆಣಮಗಳು ಕುಂತಿರಬೌದು." ಆಮೇಲೆ ಇವರ ಕಡೆ ತಿರುಗಿ, "ನೀವೂ ಸುಮ್ನ ಕುಂದರ್ರಿ ಸರ್. ಒಂಬತ್ತಕ್ಕ ಮುಟ್ಟೋತನಕ ಏಳಬ್ಯಾಡ್ರಿ."

ಮೊದಲ ತಿಂಗಳಿಂದ ಎತ್ತಿದಳು. ಟಿಕ್ ಟಿಕ್ ಇಲ್ಲ, ತಬಲಾ ಇಲ್ಲ. ಮೂರನೆಯದಕ್ಕೆ ಬಂದಾಗ ಸಭೆಯಲ್ಲಿ ಒಬ್ಬರೂ ಬೆರಳು ಕುಟ್ಟಲಿಲ್ಲ. ನಾಲ್ಕಕ್ಕೆ ನಡೆ ಏರಿತು. ಐದಕ್ಕೆ ಹೆಂಗಸರ ಕಡೆಯಿಂದ ಒಂದಿಬ್ಬರು ದನಿಗೂಡಿಸಿದರು, ಏಳಕ್ಕೆ ಹತ್ತಾರು ಮಂದಿ.

ಒಂಬತ್ತು ತಿಂಗಳಿಗೆ ಒಳಗಿನ ಕೂಸವ್ವ
ಒದ್ದು ಕೇಳ್ಯಾದ ಹಾದೀಯ

ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ತನ್ನ ಜಾಗಕ್ಕೆ ಬಂದು ಕೂತಳು. ಇವರು ಅಷ್ಟೂ ಹೊತ್ತು ಪೇಟದ ಭಾರಕ್ಕೆ ಕತ್ತು ಅಲ್ಲಾಡಿಸದೆ ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಮಾಲೆ ತೆಗೆಯುತ್ತ ನನ್ನ ಬಳಿ ಬಂದರು. ಈಗ ಒಂದು ಮಾತು ಹೇಳುತ್ತಾರೆ, ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡೆ. ಅಷ್ಟರ ಮಟ್ಟಿಗೆ ನಾನೂ ಹುಚ್ಚಿಯೇ.

"ಛಲೋ ಹಾಡಿದ್ಲು. ಏಳನೇ ನುಡಿ ಮಾತ್ರ ಸ್ವಲ್ಪ ಓಡ್ತು ನೋಡು. ಮತ್ತ ನಿನ್ನ ಆ ಕಟಿಂಗ್... ಅಗದೀ ಬೆಣ್ಣಿ!" ಎಂದು ಬೆನ್ನು ತಟ್ಟಿ ಹೋದರು.

ಬಸ್ಸು ಹಿಡಿದು ಹಾನಗಲ್ಲಿಗೆ ಬಂದೆವು. ಇಳಿದ ಮೇಲೆ ಅವ್ವ ಇಷ್ಟೇ ಅಂದಳು. "ಅಂವಗ ಏನರ ಮಾಡ್ಕೋ. ನನ್ನ ಹಾಡಿನಾಗ ಮಾಡಬ್ಯಾಡ."

ನಾಲ್ಕನೇ ದಿನಕ್ಕೆ ಬಂಕಾಪುರದ ಒಂದು ಮನೆಯಿಂದ ಅವ್ವನಿಗೆ ಕುಬಸದ ಕರೆ ಬಂತು. ವೀಳ್ಯ ಹಿಡಿದು ಇಬ್ಬರು ಹೆಂಗಸರು ಆಡೂರಿಗೇ ಬಂದಿದ್ದರು. ಅವ್ವ ಇಳಕಲ್ಲ ಸೀರೆ ತೆಗೆದು ಗಾಳಿಗೆ ಹಾಕಿದಳು.

ಅವ್ವ ವೇದಿಕೆಯ ಮೇಲೆ ಹಾಡಿದ್ದು ಪೂರ್ತಿ ನನ್ನ ಬಳಿ ರೆಕಾರ್ಡು ಆಗಿದೆ. ಎಲ್ಲೂ ಕೈ ಹಚ್ಚಿಲ್ಲ. ಏಳನೇ ನುಡಿ ಓಡಿದ್ದರೆ ಓಡಲಿ. ಸಭೆಯ ಗದ್ದಲ, ಯಾರದೋ ಕೂಸಿನ ಅಳು, ಕುರ್ಚಿ ಎಳೆದ ಸಪ್ಪಳ ಎಲ್ಲ ಇದ್ದಲ್ಲೇ ಇವೆ. ಆರನೇ ತಿಂಗಳ ಎರಡನೇ ಸಾಲಿಗೆ ಮಾತ್ರ ಇವರು ಪಕ್ಕದ ಕುರ್ಚಿಯಲ್ಲಿ ಒಮ್ಮೆ ಕೆಮ್ಮಿದ್ದರು. ಅದನ್ನು ತೆಗೆಯುವುದು ಎರಡು ನಿಮಿಷದ ಕೆಲಸ. ನಾನು ಇಡೀ ಒಂದು ದಿನ ಕೂತು ತೆಗೆದೆ, ಅವರು ಕಲಿಸಿದಂತೆಯೇ, ಕಿರುಬೆರಳು ಎತ್ತಿ ಹಿಡಿದು, ಜೋಡಣೆ ತಿಳಿಯದ ಹಾಗೆ. ಈಗ ಆ ಹಾಡಿನಲ್ಲಿ ಅವರು ಎಲ್ಲಿಯೂ ಇಲ್ಲ.